ಚೀಲದ ತುಂಬ ಸೊಪ್ಪು, ಮನೆಯಲ್ಲಿ ಇಬ್ಬರೇ

ಪ್ರಶ್ನೆ: ನಾವಿರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಹತ್ತಿರದ ತೋಟವೊಂದಕ್ಕೆ ಚಳಿಗಾಲದಲ್ಲೇ ದುಡ್ಡು ಕಟ್ಟಿ ಪಾಲು ತಗೊಂಡೆವು. ಜೂನ್‌ನಿಂದ ವಾರಕ್ಕೊಂದು ಚೀಲ ತರಕಾರಿ. ಟೊಮೆಟೊ, ಬದನೆ ಬರುತ್ತೆ ಅಂತ ಕಾದರೆ ಬರೀ ಸೊಪ್ಪು! ಕೇಲ್, ಚಾರ್ಡ್, ಸಾಸಿವೆ ಸೊಪ್ಪು, ಅರುಗುಲಾ, ಬಾಕ್ ಚಾಯ್, ಲೆಟ್ಯೂಸ್, ಎಲೆ ಸಮೇತ ಮೂಲಂಗಿ. ಇರುವವರು ಇಬ್ಬರು. ಅರ್ಧಕ್ಕರ್ಧ ಕೊಳೆತು ಗೊಬ್ಬರದ ಬುಟ್ಟಿಗೆ ಹೋಗುತ್ತಿದೆ. ಏನು ಮಾಡಲಿ?

ಉತ್ತರ: ತೋಟದವರನ್ನು ಬಯ್ಯಬೇಡಿ. ನಿಮ್ಮ ಕಡೆ ಮೇ ತಿಂಗಳವರೆಗೂ ನೆಲ ತಣ್ಣಗಿರುತ್ತದೆ. ಅಂಥ ನೆಲದಲ್ಲಿ ಬೇಗ ಕೈಗೆ ಸಿಗುವುದು ಎಲೆಯೇ. ಅರುಗುಲಾ, ಕೆಂಪು ಮೂಲಂಗಿ ಬಿತ್ತಿದ ಒಂದು ತಿಂಗಳಿಗೆಲ್ಲ ಕೊಯ್ಲಿಗೆ ಬರುತ್ತವೆ. ಟೊಮೆಟೊಗೆ ಬಿಸಿಲು ಬಲಿಯಬೇಕು. ಅಂದಹಾಗೆ, ಹೀಗೆ ಮುಂಗಡ ಕೊಟ್ಟು ರೈತರ ಫಸಲಿನಲ್ಲಿ ಪಾಲು ಪಡೆಯುವ ಪದ್ಧತಿ ಅಮೆರಿಕದಲ್ಲಿ ಬೇರೂರಿದ್ದು 1986ರ ಸುಮಾರಿಗೆ, ನಿಮ್ಮ ಮ್ಯಾಸಚೂಸೆಟ್ಸ್ ಮತ್ತು ಪಕ್ಕದ ನ್ಯೂ ಹ್ಯಾಂಪ್‌ಶೈರ್‌ನ ತೋಟಗಳಲ್ಲಿ. ಆಗಸ್ಟ್‌ನ ಟೊಮೆಟೊದಲ್ಲಿ ಪಾಲು ಬೇಕೆಂದರೆ ಜೂನ್‌ನ ಸೊಪ್ಪಿನಲ್ಲೂ ಪಾಲು ತಗೊಳ್ಳಲೇಬೇಕು.

ನೀವು ಸೋಲುತ್ತಿರುವುದು ಒಂದೊಂದು ಸೊಪ್ಪಿಗೂ ಒಂದೊಂದು ಅಡುಗೆ ಹುಡುಕುತ್ತಿರುವುದರಿಂದ ಇರಬೇಕು. ಮಂಡ್ಯ ಸೀಮೆಯಲ್ಲಿ ಬೆಳೆದ ನಾನು ಕಂಡಂತೆ, ಮುಂಗಾರು ಹನಿದ ಹದಿನೈದು ದಿನಕ್ಕೆ ಅವ್ವ ಹೊಲದ ಬದುವಿಗೆ ಹೋಗಿ ಅಣ್ಣೆ, ಗೋಣಿ, ಕನ್ನೆ, ಕೀರೆ, ಸಿಕ್ಕಿದ್ದನ್ನೆಲ್ಲ ಮಡಿಲಿಗೆ ತುಂಬಿಕೊಂಡು ಬರುತ್ತಿದ್ದಳು. ಮನೆಗೆ ಬಂದ ಮೇಲೆ ಅದಕ್ಕೆಲ್ಲ ಸೇರಿ ಒಂದೇ ಹೆಸರು, ಬೆರಕೆ ಸೊಪ್ಪು. ಒಲೆ ಮೇಲೆ ಒಂದೇ ಪಾತ್ರೆ, ಬಸ್ಸಾರು. ನಿಮ್ಮ ಚೀಲದಲ್ಲಿರುವುದೂ ಬೆರಕೆ ಸೊಪ್ಪೇ, ಹೆಸರು ಇಂಗ್ಲಿಷ್‌ನದು ಅಷ್ಟೆ.

ಮಗಳ ಮನೆಗೆ ಹೋಗಿದ್ದಾಗ ಇಂಥದೇ ಚೀಲ ಬಿಚ್ಚಿದವಳು ನಾನು. ಮೊದಲ ವಾರ ಹುರುಪಿನಲ್ಲಿ ಸಾಸಿವೆ ಸೊಪ್ಪಿನ ಕಟ್ಟನ್ನು ಪೂರ್ತಿ ಸುರಿದುಬಿಟ್ಟೆ. ಕಹಿಯೋ ಕಹಿ. ಅಳಿಯಂದಿರು ಮಾತಾಡದೆ ತುತ್ತಿಗೊಂದು ಗುಟುಕು ನೀರು ಕುಡಿದರು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ನಾಲ್ಕು ಹಿಡಿ ಬೇರೆ ಸೊಪ್ಪಿಗೆ ಸಾಸಿವೆ ಸೊಪ್ಪು ಒಂದೇ ಹಿಡಿ.

ಅರ್ಧ ಲೋಟ ತೊಗರಿಬೇಳೆಯನ್ನು ಧಾರಾಳ ನೀರಿನಲ್ಲಿ, ಕುಕ್ಕರ್ ಇಲ್ಲದೆ ಬೇಯಿಸಿ. ಬೆರಳಲ್ಲಿ ಹಿಸುಕಿದರೆ ಮೆತ್ತಗಾಗಬೇಕು, ಕರಗಬಾರದು. ಕೇಲ್‌ನ ನಡುದಂಟು ಸೀಳಿ ತೆಗೆದು ಎಲೆ ಮೊದಲು ಹಾಕಿ, ಅದು ಗಟ್ಟಿ ಪಿಂಡ. ಐದು ನಿಮಿಷ ಬಿಟ್ಟು ಚಾರ್ಡ್, ಮೂಲಂಗಿ ಎಲೆ, ಸಾಸಿವೆ. ಬಾಕ್ ಚಾಯ್ ಕೊನೆಗೆ. ಉಪ್ಪು ಹಾಕಿ, ಮುಚ್ಚಳ ಮಾತ್ರ ಮುಚ್ಚಬೇಡಿ, ಸೊಪ್ಪಿನ ಹಸಿರು ಕಂದಿಹೋಗುತ್ತದೆ. ಕೆಂಪು ದಂಟಿನ ಚಾರ್ಡ್ ಇದ್ದರೆ ಕಟ್ಟು, ಅಂದರೆ ಬೇಯಿಸಿದ ನೀರು, ನಸುಗೆಂಪಾಗುತ್ತದೆ, ಗಾಬರಿ ಬೇಡ. ಚಾರ್ಡ್, ಬೀಟ್‌ರೂಟ್ ಎರಡೂ ಒಂದೇ ಜಾತಿಯ ಗಿಡ.

ಕಟ್ಟು ಬಸಿದುಕೊಳ್ಳಿ. ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳು ಮೆಣಸು ಹುರಿದು, ಕಾಯಿತುರಿ, ಎರಡು ಚಮಚ ಸಾರಿನ ಪುಡಿ, ಗೋಲಿಯಷ್ಟು ಹುಣಸೆ ಸೇರಿಸಿ. ಜೊತೆಗೆ ಬೆಂದ ಸೊಪ್ಪು-ಬೇಳೆ ಒಂದು ಹಿಡಿ. ಇದನ್ನು ಮರೆತರೆ ಸಾರು ನೀರು ನೀರಾಗಿ ಕೂರುತ್ತದೆ. ನುಣ್ಣಗೆ ರುಬ್ಬಿ ಕಟ್ಟಿಗೆ ಬೆರೆಸಿ ಚೆನ್ನಾಗಿ ಕುದಿಸಿ, ಒಗ್ಗರಣೆ ಕೊಡಿ. ಉಳಿದ ಸೊಪ್ಪು-ಬೇಳೆ ಒಣಮೆಣಸಿನಕಾಯಿ, ಈರುಳ್ಳಿ, ಕಾಯಿ ಬಿದ್ದು ಪಲ್ಯವಾಗುತ್ತದೆ. ಚೀಲ ಒಂದೇ ಸಲಕ್ಕೆ ಮುಕ್ಕಾಲು ಖಾಲಿ. ಮಾರನೇ ದಿನದ ಬಸ್ಸಾರಿನ ರುಚಿ ನಿಮಗೇ ಗೊತ್ತಿರುತ್ತದೆ, ಮುದ್ದೆಗೆ ರಾಗಿಹಿಟ್ಟು ಇದೆ ತಾನೇ?

ಲೆಟ್ಯೂಸ್ ಇದಕ್ಕೆ ಹಾಕಬೇಡಿ, ಲೋಳೆಯಾಗುತ್ತದೆ. ಅದನ್ನೂ ಅರುಗುಲಾವನ್ನೂ ಸಣ್ಣಗೆ ಹೆಚ್ಚಿ ಹೆಸರುಬೇಳೆ ಕೋಸಂಬರಿಗೆ ಹಾಕಿ. ಅಗಲವಾದ ಚಾರ್ಡ್ ಎಲೆ ಸಿಕ್ಕಿದರೆ ಪತ್ರೊಡೆಯನ್ನೂ ಮಾಡಬಹುದು. ಕೆಸುವಿನಂತೆ ಗಂಟಲು ಕೆರೆಯುವ ಭಯವಿಲ್ಲ.

ಪ್ರಶ್ನೆ: ಮೈಸೂರಿನಲ್ಲಿ ರೈತರಿಂದ ನೇರವಾಗಿ ವಾರಕ್ಕೊಮ್ಮೆ ಸೊಪ್ಪು ತರಿಸುತ್ತೇವೆ. ತೊಳೆದು ಫ್ರಿಜ್‌ನಲ್ಲಿಟ್ಟರೂ ಮೂರನೇ ದಿನಕ್ಕೆ ಅಂಟಂಟಾಗುತ್ತದೆ.

ಉತ್ತರ: ತೊಳೆದಿಡುವುದೇ ತಪ್ಪು. ಕಟ್ಟು ಬಿಚ್ಚಿ, ಹಳದಿ ಎಲೆ ಆರಿಸಿ ಬಿಸಾಡಿ, ಹಳೇ ಪಂಚೆ ತುಂಡಿನಲ್ಲಿ ಸಡಿಲವಾಗಿ ಸುತ್ತಿಡಿ. ತೊಳೆಯುವುದು ಹೆಚ್ಚುವ ಮುಂಚೆ. ಮೂಲಂಗಿ ಬಂದ ದಿನವೇ ಎಲೆ ಕತ್ತರಿಸಿಬಿಡಿ, ಇಲ್ಲದಿದ್ದರೆ ಎಲೆ ಗಡ್ಡೆಯ ನೀರು ಹೀರಿ ಗಡ್ಡೆ ಬೆಂಡಾಗುತ್ತದೆ. ಎಲೆಯನ್ನು ಅವತ್ತೇ ಹೆಸರುಬೇಳೆ ಜೊತೆ ಪಲ್ಯ ಮಾಡಿ. ಮಿಕ್ಕರೆ ಕುದಿಯುವ ನೀರಿನಲ್ಲಿ ಎರಡು ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ಹಿಂಡಿ, ನಿಂಬೆಗಾತ್ರದ ಉಂಡೆ ಕಟ್ಟಿ ಫ್ರೀಜರ್‌ಗೆ. ಮಸ್ಸೊಪ್ಪಿಗೆ ಎರಡು ಉಂಡೆ ಸಾಕು.

ಪ್ರಶ್ನೆ: ನಮ್ಮೆಜಮಾನರಿಗೆ ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲಾಗಿತ್ತು. ಬಸ್ಸಾರು ಬಡಿಸಬಹುದೇ?

ಉತ್ತರ: ನಿಮ್ಮ ಡಾಕ್ಟರನ್ನು ಕೇಳಿಯೇ ಬಡಿಸಿ. ಅಡುಗೆಯವಳಾಗಿ ನಾನು ಹೇಳುವುದಿಷ್ಟು: ಪಾಲಕ್, ದಂಟು, ಚಾರ್ಡ್‌ಗಳಲ್ಲಿ ಆಕ್ಸಲೇಟ್ ಹೆಚ್ಚು, ಬೇಯಿಸಿದಾಗ ಅದರಲ್ಲೊಂದು ಪಾಲು ನೀರಿಗೆ ಇಳಿಯುತ್ತದೆ. ಬೇರೆಯವರು ಚೆಲ್ಲುವ ಆ ನೀರೇ ನಮ್ಮ ಬಸ್ಸಾರು. ಕಲ್ಲಾದವರಿಗೆ ಆ ಸೊಪ್ಪುಗಳನ್ನು ಬಸಿದ ಕಟ್ಟು ಬೇಡ. ಕೇಲ್, ಬಾಕ್ ಚಾಯ್, ಎಲೆಕೋಸಿನಂಥವುಗಳಲ್ಲಿ ಅದು ಕಡಿಮೆ. ಊಟಕ್ಕೆ ಮೊಸರು ಬಡಿಸಿ, ಅದರ ಕ್ಯಾಲ್ಸಿಯಂ ಆಕ್ಸಲೇಟನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ. ಪಾಪ, ಅವರ ಪಾಲಿನ ಬಸ್ಸಾರನ್ನು ಅವರೆದುರೇ ಸುರಿದುಕೊಂಡು ಉಣ್ಣಬೇಡಿ.