ಅಮೆರಿಕದ ರದ್ದಾದ ಹೆದ್ದಾರಿ ರೂಟ್ 66ರಲ್ಲಿ ಜನ ಈಗಲೂ ಹೇಗೆ ಪ್ರಯಾಣ ಮಾಡುತ್ತಾರೆ?

1985ರಲ್ಲಿ ರದ್ದಾಗಿದ್ದು ಹೆದ್ದಾರಿಯ ಸಂಖ್ಯೆ ಮಾತ್ರ, ರಸ್ತೆಯನ್ನು ಯಾರೂ ಅಗೆದು ಹಾಕಲಿಲ್ಲ. ಶಿಕಾಗೊದಿಂದ ಸಾಂಟಾ ಮೋನಿಕಾವರೆಗಿನ ಈ ದಾರಿಯ ಬಹುಪಾಲು ಈಗ ರಾಜ್ಯದ ಇಲ್ಲವೇ ಸ್ಥಳೀಯ ರಸ್ತೆ. ತುಂಡಾದ ಕಡೆ ಪಕ್ಕದ ಇಂಟರ್‌ಸ್ಟೇಟ್ (ರಾಜ್ಯಗಳನ್ನು ಜೋಡಿಸುವ ವೇಗದ ಹೆದ್ದಾರಿ) ಹತ್ತಬೇಕು, ಅಷ್ಟೇ.

ನಿಜವಾದ ಪೆಟ್ಟು ಬಿದ್ದಿದ್ದು ಊರುಗಳಿಗೆ. ಇಂಟರ್‌ಸ್ಟೇಟ್ ಇಂಥ ಸಣ್ಣ ಊರುಗಳೊಳಗೆ ಸಾಮಾನ್ಯವಾಗಿ ಹಾಯುವುದಿಲ್ಲ. 1978ರಲ್ಲಿ ಪಕ್ಕದಲ್ಲೇ ಐ-40 ಎಂಬ ಇಂಟರ್‌ಸ್ಟೇಟ್ ತೆರೆದಾಗ ಅರಿಜೋನಾದ ಸೆಲಿಗ್‌ಮನ್ ಪೇಟೆಬೀದಿ ಭಣಗುಟ್ಟತೊಡಗಿತು. ಅಲ್ಲಿನ ಕ್ಷೌರಿಕ ಏಂಜೆಲ್ ಡೆಲ್ಗಾಡಿಯೊ ಕೈಕಟ್ಟಿ ಕೂರಲಿಲ್ಲ. 1987ರಲ್ಲಿ ಊರವರನ್ನು ಸೇರಿಸಿ ಸಂಘ ಕಟ್ಟಿದರು. ಕಿಂಗ್‌ಮನ್‌ವರೆಗಿನ ಹಳೇ ದಾರಿಗೆ ರಾಜ್ಯದಿಂದ ‘ಐತಿಹಾಸಿಕ’ ಪಟ್ಟ ಸಿಕ್ಕಿತು, ಬೋರ್ಡು ಬಿತ್ತು, ಪ್ರವಾಸಿಗರು ಬಂದರು. ಅರಿಜೋನಾದ್ದೇ ಆದ ಹಾಲ್‌ಬ್ರೂಕ್‌ನ ಮೋಟೆಲ್‌ನಲ್ಲಿ ಕಾಂಕ್ರೀಟ್ ಗುಡಾರದೊಳಗೆ ಈಗಲೂ ಮಲಗಬಹುದು. ರಜೆ ಕಡಿಮೆಯಿದ್ದರೆ ಅರಿಜೋನಾ ಭಾಗವೊಂದೇ ಸಾಕು ಅನ್ನುತ್ತೇನೆ.