ಕಾಲೇಜಿಗೆ ಬಂದರೂ ಭಿನ್ನರಾಶಿ ಕೂಡಿಸಲು ಬಾರದ ಮಕ್ಕಳಿಗೆ ಹೇಗೆ ಕಲಿಸುವುದು?

ಪಾಠ ಕಲನಶಾಸ್ತ್ರದ್ದು, ಆದರೆ ಮಕ್ಕಳು ಎಡವುವುದು ಭಿನ್ನರಾಶಿಯಲ್ಲಿ, ಮೈನಸ್ ಚಿಹ್ನೆಯಲ್ಲಿ. ಪೋರ್ಷನ್ ಮುಗಿಸಲೋ, ಹಿಂದಕ್ಕೆ ಹೋಗಲೋ ಎಂದು ಕೇಳಿದ್ದೀರಿ. ನಾನೂ ಇಂಥ ಮಕ್ಕಳಿಗೆ ಹಲವು ವರ್ಷ ಕಲಿಸಿದ್ದೇನೆ. ಮೊದಲಿಂದ ಎಲ್ಲವನ್ನೂ ಮತ್ತೆ ಪಾಠ ಮಾಡಲು ಹೋಗಬೇಡಿ. ಮೊದಲು ಅವರು ಹೇಗೆ ಲೆಕ್ಕ ಮಾಡುತ್ತಾರೆ ಅಂತ ಅವರ ಬಾಯಿಂದಲೇ ಕೇಳಿ.

ಒಬ್ಬ ಹುಡುಗಿ 1/2 + 1/3 = 2/5 ಎಂದು ಬರೆದಿದ್ದಳು. "ಹೇಗೆ ಮಾಡಿದೆ, ಹೇಳಮ್ಮಾ" ಅಂದೆ. "ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದೆ ಸರ್. ಗುಣಿಸುವಾಗ ಹಾಗೇ ಮಾಡ್ತೀವಿ ಅಲ್ವಾ?" ಅಂದಳು. ನೋಡಿ, ಅವಳು ಸುಮ್ನೆ ಏನೋ ಗೀಚಿರಲಿಲ್ಲ. ಗುಣಾಕಾರದ ನಿಯಮವನ್ನು ಸಂಕಲನಕ್ಕೆ ಹಚ್ಚಿದ್ದಳು. ನಾನು ಲ.ಸಾ.ಅ. (ಕೆಳಗಿನ ಎರಡೂ ಸಂಖ್ಯೆಗಳಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಮಾತೇ ಎತ್ತಲಿಲ್ಲ. "2/5 ಅರ್ಧಕ್ಕಿಂತ ಜಾಸ್ತಿನಾ, ಕಡಿಮೆನಾ?" ಎಂದೆ. ಸ್ವಲ್ಪ ಹೊತ್ತು ಯೋಚಿಸಿದಳು. "ಐದರಲ್ಲಿ ಅರ್ಧ ಎರಡೂವರೆ. ಕಡಿಮೆ ಸರ್... ಅರ್ಧಕ್ಕೆ ಇನ್ನಷ್ಟು ಸೇರಿಸಿದ್ರೆ ಕಡಿಮೆ ಹೇಗಾಗುತ್ತೆ?" ಎಂದು ತಾನೇ ಉತ್ತರಕ್ಕೆ ಅಡ್ಡಗೆರೆ ಎಳೆದಳು. ಆಮೇಲೆ ಒಂದು ಕಾಗದದ ಪಟ್ಟಿಯಲ್ಲಿ ಆರು ಮನೆ ಮಾಡಿಸಿದೆ. ಅರ್ಧ ಅಂದರೆ ಮೂರು ಮನೆ, ಮೂರನೇ ಒಂದು ಭಾಗ ಅಂದರೆ ಎರಡು. ಒಟ್ಟು ಐದು ಮನೆ, ಅಂದರೆ 5/6. ಛೇದ ಯಾಕೆ ಒಂದೇ ಇರಬೇಕು ಅನ್ನುವುದು ಅವಳ ಕಣ್ಣಿಗೇ ಕಂಡಿತು.

ಬೇರೆ ತಪ್ಪುಗಳ ಹಿಂದೆಯೂ ಹೀಗೇ ಏನಾದರೂ ಕಾರಣ ಇರುತ್ತದೆ. 0.3ಕ್ಕಿಂತ 0.25 ದೊಡ್ಡದು ಎನ್ನುವವರು 3ಕ್ಕಿಂತ 25 ದೊಡ್ಡದು ಅಂತ ನೋಡಿರುತ್ತಾರೆ. (ಎ + ಬಿ)² ಅಂದರೆ ಎ² + ಬಿ² ಎಂದು ಬರೆದವರಿಗೆ 2 ಮತ್ತು 3 ಹಾಕಿ ನೋಡಲು ಹೇಳಿ. ಒಂದು ಕಡೆ 25, ಇನ್ನೊಂದು ಕಡೆ 13 ಬರುತ್ತದೆ. ನೀವು ಬಾಯಿ ಬಿಡುವ ಅಗತ್ಯವೇ ಇಲ್ಲ.

ಪೋರ್ಷನ್ ನಿಲ್ಲಿಸಬೇಡಿ. ಅವತ್ತಿನ ಪಾಠಕ್ಕೆ ಯಾವ ಹಳೆಯ ಲೆಕ್ಕ ಬೇಕೋ ಅದನ್ನು ಮಾತ್ರ ಮೊದಲ ಹತ್ತು ನಿಮಿಷ ಮಾಡಿಸಿ. ಒಂದು ವಾರ ಬಿಟ್ಟು ಅದನ್ನೇ ಬೇರೆ ಲೆಕ್ಕಗಳ ನಡುವೆ ಮತ್ತೆ ಕೊಡಿ. ಕ್ಯಾಲ್ಕುಲೇಟರ್ ಇರಲಿ, ಆದರೆ ಅದನ್ನು ಒತ್ತುವ ಮೊದಲು ಉತ್ತರ ಸುಮಾರು ಎಷ್ಟು ಬರಬಹುದು ಅಂತ ಬರೆಯಬೇಕು.

ದಯವಿಟ್ಟು ಒಂದು ಮಾತು ಮಾತ್ರ ಬೇಡ: "ಇಷ್ಟು ಸುಲಭದ್ದೂ ಬರಲ್ವಾ?" ಈ ಮಾತನ್ನು ಅವರು ಆಗಲೇ ಎಷ್ಟೋ ಸಲ ಕೇಳಿರುತ್ತಾರೆ. ಅದಕ್ಕೇ ಹಿಂದಿನ ಬೆಂಚಿನಲ್ಲಿ ಕೂತು, ಬೋರ್ಡ್ ಮೇಲಿದ್ದದ್ದನ್ನು ನಕಲು ಮಾಡಿಕೊಂಡು ಹೋಗುತ್ತಾರೆ.

ನಾಳೆಯೇ ಐದು ಲೆಕ್ಕ ಕೊಟ್ಟು ನೋಡಿ. ಅಂಕ ಹಾಕಬೇಡಿ. ಪ್ರತಿ ಉತ್ತರದ ಕೆಳಗೆ ಅದು ಹೇಗೆ ಬಂತು ಅಂತ ಒಂದು ಸಾಲು ಬರೆಯಲು ಹೇಳಿ. ಯಾರಿಗೆ ಏನು ಕಲಿಸಬೇಕು ಅನ್ನುವುದು ಆ ಸಾಲುಗಳಲ್ಲೇ ಸಿಗುತ್ತದೆ.