ಹಳೆ ಮನೆಗೆ ಗಾಢ ಬಣ್ಣ, ಹೊಸ ಕಾಲದ ಪೀಠೋಪಕರಣ ಹೊಂದುತ್ತವಾ?

ನೂರು ವರ್ಷ ಹಳೆಯ ಮನೆ ಕೊಂಡಿದ್ದೀರಿ. ಕೆತ್ತನೆಯ ಬಾಗಿಲು, ಮರದ ತೊಲೆ, ಸುಣ್ಣದ ಗಾರೆಯ ದಪ್ಪ ಗೋಡೆ ಎಲ್ಲಾ ಇವೆ. ನಿಮಗೋ ಗಾಢ ಬಣ್ಣ, ಈಗಿನ ಕಾಲದ ಪೀಠೋಪಕರಣ ಇಷ್ಟ. ಎರಡೂ ಒಂದಕ್ಕೊಂದು ಹೊಂದಲ್ಲ, ಸುಮ್ನೆ ಎಲ್ಲಾ ಕಡೆ ಬಿಳಿ ಹೊಡೆಸಿ ಅಂತ ಯಾರೋ ಹೇಳಿದ್ದಾರೆ. ಹಾಗೇ ಮಾಡಬೇಕಾ ಅಂತ ಕೇಳಿದ್ದೀರಿ.

ಬೇಡ. ಹಳೆ ಮನೆಗಳ ಒಳಾಂಗಣವೇ ನನ್ನ ಕೆಲಸ. ನಾನು ಕಂಡ ಹಾಗೆ, ಹೊಸತು ಹಳೆಯದರ ವೇಷ ಹಾಕಿದಾಗಲೇ ಎರಡೂ ಕೆಡುತ್ತವೆ. ಕೈಕೆತ್ತನೆಯ ಬಾಗಿಲಿನ ಪಕ್ಕ ಯಂತ್ರದಲ್ಲಿ ಕೊರೆದ 'ಆಂಟಿಕ್' ಬೀರು ಇಟ್ಟರೆ ಬಾಗಿಲೂ ನಕಲಿಯಂತೆ ಕಾಣುತ್ತದೆ. ಅದೇ ಜಾಗದಲ್ಲಿ ನೇರ ಗೆರೆಯ ಸ್ಟೀಲ್ ಕಪಾಟು ಇಡಿ. ಕಣ್ಣು ತಾನಾಗೇ ಬಾಗಿಲಿನ ಮೇಲೆ ನಿಲ್ಲುತ್ತದೆ.

ಇದು ಬರೀ ನನ್ನ ಅಭಿರುಚಿಯ ಮಾತಲ್ಲ. ಪಾರಂಪರಿಕ ಕಟ್ಟಡಗಳ ದುರಸ್ತಿಗೆ ಜಗತ್ತಿನ ಎಷ್ಟೋ ಕಡೆ ಆಧಾರವಾಗಿರುವ 1964ರ ವೆನಿಸ್ ಚಾರ್ಟರ್‌ನ 9ನೇ ವಿಧಿ ನೋಡಿ. ಸೇರಿಸಲೇಬೇಕಾದ ಹೊಸ ಕೆಲಸ ಹಳೆಯದರಿಂದ ಬೇರೆಯಾಗಿ ಕಾಣಬೇಕು, ತನ್ನ ಕಾಲದ ಗುರುತು ಹೊತ್ತಿರಬೇಕು ಎನ್ನುತ್ತದೆ ಅದು.

ಪ್ಯಾರಿಸ್‌ನಲ್ಲಿ ವಿನ್ಯಾಸಕಾರ ಪಿಯೇರ್ ಶರೋ 1932ರಲ್ಲಿ ಮುಗಿಸಿದ 'ಗಾಜಿನ ಮನೆ' ನನಗೆ ತುಂಬಾ ಇಷ್ಟ. ಹಳೆ ಕಟ್ಟಡದ ಮೇಲಿನ ಮಹಡಿಯಲ್ಲಿದ್ದ ಬಾಡಿಗೆದಾರರು ಬಿಡಲು ಒಪ್ಪಲಿಲ್ಲ. ಹಾಗಾಗಿ ಆ ಮಹಡಿಯನ್ನು ಉಕ್ಕಿನ ಕಂಬಗಳ ಮೇಲೆ ಎತ್ತಿ ಹಿಡಿದು, ಕೆಳಗಿನದನ್ನು ಕೆಡವಿ, ಗಾಜಿನ ಇಟ್ಟಿಗೆಯ ಮನೆಯನ್ನೇ ಅಡಿಯಲ್ಲಿ ಕೂರಿಸಿದರು. ಇಂಗ್ಲೆಂಡಿನ ಆಸ್ಟ್ಲಿ ಕ್ಯಾಸಲ್ 1978ರಲ್ಲಿ ಸುಟ್ಟು ಪಾಳುಬಿದ್ದಿತ್ತು. ಅದರ ಮುರಿದ ಕಲ್ಲುಗೋಡೆಗಳ ನಡುವೆ ಹೊಸ ಇಟ್ಟಿಗೆಯಲ್ಲಿ ಮನೆ ಕಟ್ಟಿದರು, ಕೂಡಿದ ಜಾಗವನ್ನು ಮುಚ್ಚಿಡಲಿಲ್ಲ. ಬ್ರಿಟನ್ನಿನ ವಾಸ್ತುಶಿಲ್ಪಕ್ಕೆ ಕೊಡುವ ಸ್ಟರ್ಲಿಂಗ್ ಪ್ರಶಸ್ತಿ 2013ರಲ್ಲಿ ಅದಕ್ಕೇ ಬಂತು.

ನಿಮ್ಮ ಮನೆಯಲ್ಲೂ ಆ ಕೂಡುವ ಜಾಗದ ಬಗ್ಗೆ ಜಾಸ್ತಿ ಯೋಚಿಸಿ. ಇಟಲಿಯ ವೆರೋನಾದಲ್ಲಿ ಹಳೆ ಕೋಟೆಯೊಳಗಿರುವ ಕ್ಯಾಸ್ಟೆಲ್‌ವೆಕ್ಕಿಯೊ ಮ್ಯೂಸಿಯಂನಲ್ಲಿ ವಾಸ್ತುಶಿಲ್ಪಿ ಕಾರ್ಲೊ ಸ್ಕಾರ್ಪಾ ಹೊಸ ನೆಲವನ್ನು ಹಳೆ ಗೋಡೆಗೆ ತಾಗಿಸದೆ ಸಣ್ಣ ಸಂದು ಬಿಟ್ಟಿದ್ದಾರೆ. ಅಷ್ಟರಿಂದಲೇ ಗೋಡೆಗೆ ಗೌರವ ಸಿಗುತ್ತದೆ. ಕಪಾಟುಗಳನ್ನು ಗೋಡೆಗೆ ಜಡಿಯಬೇಡಿ, ತಮ್ಮ ಕಾಲ ಮೇಲೆ ನಿಲ್ಲಲಿ. ವೈರಿಂಗ್‌ಗೆ ಗಾರೆ ಕೊರೆಯುವುದರ ಬದಲು ತಾಮ್ರದ ಕೊಳವೆಯನ್ನು ಹೊರಗೇ ಓಡಿಸಿ. ನೀಟಾಗಿ ಮಾಡಿದರೆ ಅದೇ ಒಂದು ಅಲಂಕಾರ.

ಇನ್ನು ಬಣ್ಣ. ಇಲ್ಲಿ ಧೈರ್ಯ ಮಾಡಿ, ಯಾಕೆಂದರೆ ಇಷ್ಟವಾಗದಿದ್ದರೆ ಬದಲಿಸಬಹುದು. ಒಂದು ಗೋಡೆಗೆ ಮಾತ್ರ ಗಾಢ ಬಣ್ಣ ಹೊಡೆದು ಉಳಿದದ್ದು ಬಿಳಿ ಬಿಟ್ಟರೆ ಅದು ಅಂಟಿಸಿದ ಹಾಗೆ ಕಾಣುತ್ತದೆ. ನನ್ನ ಕೇಳಿದರೆ ಗೋಡೆ, ತೊಲೆಗಳ ನಡುವಿನ ಚಾವಣಿ, ಕಿಟಕಿ ಚೌಕಟ್ಟು ಎಲ್ಲಕ್ಕೂ ಒಂದೇ ಬಣ್ಣ ಕೊಡಿ: ಕಡು ಹಸಿರು, ಇಟ್ಟಿಗೆ ಕೆಂಪು ಇಲ್ಲವೇ ಮಸಿ ನೀಲಿ. ತೊಲೆ, ಬಾಗಿಲಿನ ಮರವನ್ನು ಮಾತ್ರ ಮರವಾಗಿಯೇ ಬಿಡಿ. ಹೊಳಪಿನ ಬಣ್ಣ ಬೇಡ, ಹಳೆ ಗೋಡೆಯ ಪ್ರತಿ ಉಬ್ಬುತಗ್ಗನ್ನೂ ಅದು ಎತ್ತಿ ತೋರಿಸುತ್ತದೆ. ಅಂಗೈ ಅಗಲದ ಸ್ಯಾಂಪಲ್ ನಂಬಬೇಡಿ. ದೊಡ್ಡ ಹಲಗೆಗೆ ಬಣ್ಣ ಹಚ್ಚಿ, ಬೆಳಗ್ಗೆ, ಸಂಜೆ, ದೀಪದ ಬೆಳಕಲ್ಲಿ ಕೋಣೆಯ ಬೇರೆ ಬೇರೆ ಮೂಲೆಯಲ್ಲಿಟ್ಟು ನೋಡಿ. ದೀಪ 2700 ಕೆಲ್ವಿನ್ ಆಸುಪಾಸಿನದು, ಅಂದರೆ ಬೆಚ್ಚನೆಯ ಹಳದಿ ಬೆಳಕಿನದು ಇರಲಿ; ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎನ್ನುವ ಅಳತೆಯಾದ ಸಿಆರ್‌ಐ 90ಕ್ಕಿಂತ ಜಾಸ್ತಿ ಇರಲಿ. ಇಲ್ಲದಿದ್ದರೆ ಮರ ಮಂಕಾಗುತ್ತದೆ.

ಬಣ್ಣ ಯಾವುದಾದರೂ ಸರಿ, ಪ್ಲಾಸ್ಟಿಕ್ ಎಮಲ್ಷನ್ ಮಾತ್ರ ಬೇಡ. ಸುಣ್ಣದ ಗೋಡೆ ತೇವ ಎಳೆದುಕೊಂಡು ಹೊರಗೆ ಬಿಡುತ್ತಿರುತ್ತದೆ. ಆ ದಾರಿ ಮುಚ್ಚಿದರೆ ತೇವ ಒಳಗೇ ಉಳಿದು, ಉಪ್ಪು ಹರಳುಗಟ್ಟಿ ಗಾರೆ ಉದುರುತ್ತದೆ. ಸಿಮೆಂಟ್ ತೇಪೆ ಹಾಕಿದರೂ ಅದೇ ಕಥೆ. ಸುಣ್ಣದ ಬಣ್ಣ ಅಥವಾ ತೇವವನ್ನು ಹೊರಗೆ ಬಿಡುವ ಸಿಲಿಕೇಟ್ (ಖನಿಜ) ಬಣ್ಣ ಕೇಳಿ. ಎಷ್ಟೇ ಗಾಢವಾದರೂ ಅದರಲ್ಲಿ ಒಂದು ಮೃದುತನ ಇರುತ್ತದೆ, ಹಳೆ ಗೋಡೆಗೆ ಅದು ಒಪ್ಪುತ್ತದೆ.

ಬಾಗಿಲಿನ ಹಳೆ ಬಣ್ಣ ಕೆರೆಯುವ ಯೋಚನೆ ಇದ್ದರೆ ಮೊದಲು ಸೀಸದ ಪರೀಕ್ಷೆ ಮಾಡಿಸಿ. ಆ ಕಾಲದ ಎಣ್ಣೆ ಬಣ್ಣಗಳಲ್ಲಿ ಸೀಸ ಇರುತ್ತಿತ್ತು, ಒಣಗಿದ ಬಣ್ಣ ಉಜ್ಜಿದಾಗ ಏಳುವ ಧೂಳು ಮಕ್ಕಳಿಗೆ ತುಂಬಾ ಅಪಾಯ. ಸೀಸ ಇದೆ ಅಂತಾದರೆ ಅದರಲ್ಲಿ ಪಳಗಿದವರನ್ನು ಕರೆಸಿ, ನೀವೇ ಉಜ್ಜಲು ಹೋಗಬೇಡಿ.